ಕೀಲಿ ಹಾಕಿದ ಮನೆಗಳ ಓಣಿಯಲ್ಲಿ ಗಟಾರ ಯಾರದು?

ಪುರಸಭೆಯಲ್ಲಿ ದುಡ್ಡು ಇತ್ತು. ಎಸ್ಟಿಮೇಟ್ ಆಗಿತ್ತು. ಟೆಂಡರ್ ಕೂಡ ಮುಗಿದಿತ್ತು. ಆದರೂ ಒಂದು ಓಣಿಯ ಗಟಾರದ ಕೆಲಸ ಎರಡು ವರ್ಷ ಶುರುವಾಗಲೇ ಇಲ್ಲ. ಇದರಲ್ಲಿ ಕಾಂಟ್ರಾಕ್ಟರನ ತಪ್ಪಿರಲಿಲ್ಲ. ಆ ಓಣಿಯ ಅರ್ಧದಷ್ಟು ಮನೆಗಳಿಗೆ ಕೀಲಿ ಬಿದ್ದಿದೆ. ಕೀಲಿಕೈ ಇರುವುದು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ. ಕೆಲಸ ಬೇಡ ಎಂದು ತಡೆದವರು ಆ ಕೀಲಿಕೈ ಇಟ್ಟುಕೊಂಡವರು. ಬೇಕು ಎಂದು ಕಾದವರು ದಿನಾ ಅದೇ ಓಣಿಯಲ್ಲಿ ಕೊಡ ಹೊತ್ತು ನಡೆಯುವವರು.

ಇದು ಕಲಬುರಗಿ ಜಿಲ್ಲೆಯ ಒಂದು ಸಣ್ಣ ಊರು. ಹೆಸರು ಬೇಡ. ಅಲ್ಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕಬೇಕು. ಜನಸಂಖ್ಯೆ 20,000 ದಾಟಿ 50,000ದ ಒಳಗಿದ್ದರೆ ನಮ್ಮ ರಾಜ್ಯದಲ್ಲಿ ಆ ಊರಿಗೆ ಪುರಸಭೆ ಇರುತ್ತದೆ. ಈ ಊರು ಆ ಲೆಕ್ಕದ್ದು. ಎರಡೂ ಕಡೆಯವರ ಮಾತು ಕೇಳಿ, ಕಾಗದಪತ್ರ ನೋಡಿ ಇದನ್ನು ಬರೆಯುತ್ತಿದ್ದೇನೆ. ಇಂಥ ಓಣಿ ಬೀದರದಲ್ಲೂ ಇದೆ, ಯಾದಗಿರಿಯಲ್ಲೂ ಇದೆ. ಊರು ಬಿಟ್ಟು ದುಡಿಯುವವರು ಜಾಸ್ತಿಯಾದಂತೆ ಈ ಜಗಳವೂ ಜಾಸ್ತಿಯಾಗುತ್ತದೆ. ಹಾಗಾಗಿ ಪೂರ್ತಿ ಹೇಳುವುದು ಒಳ್ಳೆಯದು ಅನ್ನಿಸಿತು.

ಓಣಿ ಮತ್ತು ಕಟ್ಟೆ

ಹಳೆಯ ಓಣಿ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಒಳಗೆ ಪಡಸಾಲೆ. ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಇದ್ದರೂ ಒಳಗೆ ತಂಪು. ಪ್ರತಿ ಮನೆಯ ಮುಂದೆ ಶಹಾಬಾದ್ ಫರಸಿ, ಅಂದರೆ ಚಪ್ಪಡಿ ಕಲ್ಲು, ಹಾಸಿದ ಕಟ್ಟೆ. ಹಿಂದೆ ಓಣಿಯ ನೆಲಕ್ಕೂ ಫರಸಿಯೇ ಇತ್ತು. ನೀರು ನಡುವಿನ ಸಣ್ಣ ಕಾಲುವೆಯಲ್ಲಿ ಹರಿದು ಹಳ್ಳಕ್ಕೆ ಹೋಗುತ್ತಿತ್ತು. ಆಮೇಲೆ ಅದರ ಮೇಲೆ ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆ ಬಂತು. ಕೆಲವು ವರ್ಷಗಳ ನಂತರ ಆ ರಸ್ತೆಯನ್ನು ಒಡೆಯದೆ ಅದರ ಮೇಲೆಯೇ ಇನ್ನೊಂದು ಸಿಸಿ ರಸ್ತೆ ಹಾಕಿದರು. ರಸ್ತೆ ಮೇಲೆದ್ದಿತು, ಹೊಸ್ತಿಲು ಕೆಳಗಾಯಿತು. 2020ರ ಅಕ್ಟೋಬರ್‌ನಲ್ಲಿ ಜಿಲ್ಲೆಯಲ್ಲಿ ಭಾರಿ ಮಳೆಯಾಗಿ ಭೀಮಾ ನದಿ ಉಕ್ಕಿತಲ್ಲ, ಆಗ ಈ ಓಣಿಯ ಮನೆಗಳಿಗೂ ಬೀದಿಯ ನೀರು ನುಗ್ಗಿತು. ತೊಗರಿ ಚೀಲ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ನೆನೆದವು. ನೆನೆದದ್ದು ಜನ ಇದ್ದ ಮನೆಗಳಲ್ಲಿ. ಕೀಲಿ ಹಾಕಿದ ಮನೆಗಳ ಒಳಗೂ ನೀರು ಹೋಗಿತ್ತು, ಆದರೆ ಅದು ಗೊತ್ತಾಗಿದ್ದು ತಿಂಗಳುಗಳ ಮೇಲೆ, ಗೋಡೆ ಉಬ್ಬಿ ಬಂದಾಗ.

ಆ ಮಳೆಯ ನಂತರ ಬೇಡಿಕೆ ಗಟ್ಟಿಯಾಯಿತು. ಪುರಸಭೆ ಒಂದು ಯೋಜನೆ ಮಾಡಿತು. ಹಳೆಯ ಕಾಂಕ್ರೀಟ್ ಒಡೆದು ತೆಗೆಯುವುದು, ರಸ್ತೆಯ ಮಟ್ಟ ಇಳಿಸುವುದು, ಎರಡೂ ಕಡೆ ಗಟಾರ ಕಟ್ಟಿ ಮೇಲೆ ಫರಸಿ ಮುಚ್ಚುವುದು. ಪುರಸಭೆಯ ಕಿರಿಯ ಎಂಜಿನಿಯರ್ (ಜೆಇ) ಬಂದು ಸುಣ್ಣದ ಗೆರೆ ಹಾಕಿದರು. ಗೆರೆ ಹಲವು ಕಟ್ಟೆಗಳ ಮೇಲೆ ಹೋಯಿತು. ದಾಖಲೆಯಲ್ಲಿರುವ ಮನೆಯ ಅಳತೆಗಿಂತ ಕಟ್ಟೆ ಹೊರಗಿತ್ತು. ತಕರಾರು ಹುಟ್ಟಿದ್ದು ಅಲ್ಲಿ.

ಕಟ್ಟೆಯನ್ನು ಬರೀ ಒತ್ತುವರಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ತಲೆಮಾರುಗಳಿಂದ ಸಂಜೆ ಹೊತ್ತು ಜನ ಕೂತ ಜಾಗ ಅದು. ಮದುವೆ ಮಾತು, ಹೊಲದ ಲೆಕ್ಕ, ಜಗಳದ ಪಂಚಾಯಿತಿ ಎಲ್ಲ ನಡೆದದ್ದು ಅದರ ಮೇಲೆ. ಪುಣೆಯಲ್ಲಿ ಎರಡು ಕೋಣೆಯ ಫ್ಲ್ಯಾಟ್‌ನಲ್ಲಿ ಇರುವವರಿಗೆ ಊರು ಎಂದರೆ ನೆನಪಾಗುವುದು ಅಪ್ಪ ಕೂತಿರುತ್ತಿದ್ದ ಆ ಕಟ್ಟೆಯೇ. ಅದನ್ನು ಒಡೆಯುತ್ತಾರೆ ಎಂದು ಫೋನಿನಲ್ಲಿ ಕೇಳಿದರೆ ಹೊಟ್ಟೆ ಉರಿಯುತ್ತದೆ. ಆ ನೋವು ನಿಜ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಎಲ್ಲ ಕೀಲಿಯೂ ಒಂದೇ ಅಲ್ಲ

ಕೀಲಿ ಹಾಕಿದ ಮನೆಯವರನ್ನೆಲ್ಲ ಒಂದೇ ಗುಂಪಿಗೆ ಸೇರಿಸಬಾರದು. ಈ ಓಣಿಯಲ್ಲಿ ಮೂರು ತರಹದವರು ಇದ್ದಾರೆ.

ಮೊದಲನೆಯವರು ನೌಕರಿ ಹಿಡಿದು ಹೋದವರು. ಬೆಂಗಳೂರಿನಲ್ಲಿ ಸ್ವಂತ ಮನೆ, ಮಕ್ಕಳ ಓದು ಅಲ್ಲೇ. ಯುಗಾದಿಗೆ, ದಸರೆಗೆ, ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆಗೆ) ಊರಿಗೆ ಬರುತ್ತಾರೆ. ನಿವೃತ್ತಿ ಆದ ಮೇಲೆ ಇಲ್ಲೇ ಇರಬೇಕು ಎಂದು ಕೆಲವರು ಮಹಡಿ ಎಬ್ಬಿಸಿದ್ದಾರೆ. ಎರಡನೆಯವರು ಗುಳೆ ಹೋಗುವವರು. ಹಿಂಗಾರಿ ಕೆಲಸ ಮುಗಿದ ಮೇಲೆ ಗಂಡ, ಹೆಂಡತಿ, ಮಕ್ಕಳು ಸಮೇತ ಬೆಂಗಳೂರಿನ, ಪುಣೆಯ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮಿರಗದ (ಮೃಗಶಿರಾ) ಮಳೆಗೆ ವಾಪಸ್. ಇವರದು ಓಣಿಯ ಕೆಳಭಾಗದ ಸಣ್ಣ ಮನೆಗಳು. ಮಳೆ ನೀರು ಮೊದಲು ನುಗ್ಗುವುದು ಅಲ್ಲಿಗೆ. ಮೂರನೆಯದು ಒಂದೇ ಮನೆ. ವಾರಸುದಾರರ ನಡುವೆ ಪಾಲಿನ ತಂಟೆ ಇದೆ, ಕೋರ್ಟಿನಲ್ಲಿದೆ. ಅಲ್ಲಿಗೆ ಯಾರೂ ಬರುವುದಿಲ್ಲ.

ಗಟಾರ ತಡೆದವರು ಮೊದಲನೆಯವರು. ಗುಳೆಯವರನ್ನು ಯಾರೂ ಕೇಳಲೇ ಇಲ್ಲ.

ಹೇಗೆ ತಡೆದರು? ಓಣಿಯ ಹೆಸರಲ್ಲಿ ಒಂದು ವಾಟ್ಸಾಪ್ ಗುಂಪು ಇತ್ತು. ಅದರಲ್ಲಿ ಇದ್ದವರು ಮನೆ ಮಾಲೀಕರು ಮಾತ್ರ. ಬಾಡಿಗೆಯವರು ಇರಲಿಲ್ಲ. ಸುಣ್ಣದ ಗೆರೆಯ ಫೋಟೊ ಗುಂಪಿಗೆ ಬಿದ್ದ ರಾತ್ರಿಯೇ ಬೆಂಗಳೂರಿನಿಂದ ಫೋನ್‌ಗಳು ಶುರುವಾದವು. ಒಬ್ಬರಿಗೆ ದೊಡ್ಡ ಅಧಿಕಾರಿಯ ಪರಿಚಯ, ಇನ್ನೊಬ್ಬರಿಗೆ ರಾಜಕೀಯದವರ ಪರಿಚಯ. ಮುಖ್ಯಾಧಿಕಾರಿಗೆ ಮೇಲಿನಿಂದ ಮಾತು ಬಂತು. ಜೆಇ ಮತ್ತೆ ಆ ಕಡೆ ಬರಲಿಲ್ಲ. ಅದೇ ಗುಂಪಿನಲ್ಲಿ ಓಣಿಯ ಬಾಯಿಗೆ ಒಂದು ಕಮಾನು ಕಟ್ಟಿಸಲು ಹಣ ಕೂಡಿತು. ಕಮಾನಿಗೆ ಕೊಟ್ಟವರು ಕೆಟ್ಟವರಲ್ಲ. ಊರಿಗೆ ಏನಾದರೂ ಮಾಡಬೇಕು ಎಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು. ಆದರೆ ವರ್ಷಕ್ಕೆ ಕೆಲವು ದಿನ ಬರುವವರಿಗೆ ಓಣಿಯ ಬಾಯಿ ಕಾಣುತ್ತದೆ, ಬಚ್ಚಲ ನೀರು ನಿಂತ ಜಾಗ ಅಷ್ಟಾಗಿ ಕಾಣುವುದಿಲ್ಲ.

ಓಣಿಯಲ್ಲಿ ಬಾಡಿಗೆಗೆ ಇದ್ದು ರೊಟ್ಟಿ ಖಾನಾವಳಿ ನಡೆಸುವ ಒಬ್ಬ ತಾಯಿ ಪುರಸಭೆ ಸದಸ್ಯರ ಹತ್ತಿರ ಹೋಗಿದ್ದರು. "ಅಣ್ಣಾರ, ಗಟಾರದ ಕೆಲಸ ಯಾಕ ನಿಂತದ್ರೀ?" ಎಂದು ಕೇಳಿದರು. "ಮನಿ ಮಾಲೀಕರು ಒಪ್ಪವಲ್ರು ನೋಡ್ರಿ ಅಕ್ಕಾ, ನಾ ಏನ್ ಮಾಡ್ಲಿ" ಎಂಬ ಉತ್ತರ ಬಂತು. ಆ ತಾಯಿಯ ಹೆಸರು ಅದೇ ವಾರ್ಡಿನ ಮತದಾರರ ಪಟ್ಟಿಯಲ್ಲಿದೆ. ಆ ಮಾಲೀಕರಲ್ಲಿ ಕೆಲವರ ಹೆಸರು ಬೆಂಗಳೂರಿನ ಪಟ್ಟಿಯಲ್ಲಿದೆ. ಇನ್ನು ಕೆಲವರದು ಎರಡೂ ಕಡೆ ಇತ್ತು.

ಓಟು ಮನೆಗೆ ಬರುವುದಿಲ್ಲ, ವಾಸಕ್ಕೆ ಬರುತ್ತದೆ

"ನಮ್ಮ ಮನೆ ಇದೆ, ಟ್ಯಾಕ್ಸ್ ಕಟ್ಟುತ್ತೇವೆ, ಓಟು ನಮ್ಮ ಹಕ್ಕು." ಗುಂಪಿನಲ್ಲಿ ಬಂದ ವಾದ ಇದು. ಕೇಳಲು ಸರಿ ಅನ್ನಿಸುತ್ತದೆ. ಕಾನೂನು ಬೇರೆ ಹೇಳುತ್ತದೆ. 1950ರ ಜನಪ್ರಾತಿನಿಧ್ಯ ಕಾಯ್ದೆಯ ಕಲಂ 19ರ ಪ್ರಕಾರ ಒಬ್ಬರು ಎಲ್ಲಿ ಸಾಮಾನ್ಯವಾಗಿ ವಾಸ ಇರುತ್ತಾರೋ ಅಲ್ಲಿ ಮತದಾರ. ಕಲಂ 20 ಇನ್ನೂ ಸ್ಪಷ್ಟ. ಒಂದು ಊರಿನಲ್ಲಿ ಸ್ವಂತ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿನ ವಾಸಿ ಎಂದು ಪರಿಗಣಿಸುವಂತಿಲ್ಲ. ಕಲಂ 17 ಮತ್ತು 18ರ ಪ್ರಕಾರ ಎರಡು ಕಡೆ ಹೆಸರು ಇರುವಂತಿಲ್ಲ. ಅರ್ಜಿಯಲ್ಲಿ ಸುಳ್ಳು ಘೋಷಣೆ ಕೊಟ್ಟರೆ ಕಲಂ 31ರಡಿ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಪುರಸಭೆ ಚುನಾವಣೆಯ ವಾರ್ಡ್ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದಲೇ. ಹಾಗಾಗಿ ಈ ನಿಯಮ ಓಣಿಯ ಮೆಂಬರ್ ಚುನಾವಣೆಯವರೆಗೂ ಬರುತ್ತದೆ.

ಹಾಗಾದರೆ ಗುಳೆ ಹೋದವರ ಓಟು? ಅದೇ ಕಲಂ 20ರಲ್ಲಿ ಇನ್ನೊಂದು ಮಾತಿದೆ. ತಾತ್ಕಾಲಿಕವಾಗಿ ವಾಸದ ಜಾಗ ಬಿಟ್ಟು ಹೋದ ಮಾತ್ರಕ್ಕೆ ಯಾರೂ ಅಲ್ಲಿನ ವಾಸಿ ಅಲ್ಲ ಎನ್ನಿಸಿಕೊಳ್ಳುವುದಿಲ್ಲ. ಶೆಡ್ಡಿನಲ್ಲಿ ಆರು ತಿಂಗಳು ಇದ್ದು ಬಿತ್ತನೆಗೆ ವಾಪಸ್ ಬರುವ ಕುಟುಂಬದ ವಾಸ ಈ ಓಣಿಯೇ. ಅವರ ಪಡಿತರ ಚೀಟಿ ಇಲ್ಲಿ, ಮಕ್ಕಳ ಶಾಲೆ ದಾಖಲಾತಿ ಇಲ್ಲಿ, ಬೆಂಗಳೂರಿನಲ್ಲಿ ಅವರಿಗೆ ವಿಳಾಸವೇ ಇಲ್ಲ. ಎರಡು ಮನೆಗೂ ಒಂದೇ ತರಹದ ಕೀಲಿ ಬಿದ್ದಿರುತ್ತದೆ. ಕಾನೂನು ನೋಡುವುದು ಕೀಲಿಯನ್ನಲ್ಲ, ಬದುಕು ಎಲ್ಲಿದೆ ಎಂಬುದನ್ನು. ನನಗೆ ಇದು ನ್ಯಾಯ ಅನ್ನಿಸುತ್ತದೆ. ಆದರೆ ನಮ್ಮ ಊರುಗಳಲ್ಲಿ ಆಗುವುದು ಇದರ ಉಲ್ಟಾ. ಮತದಾರರ ಪಟ್ಟಿಯ ಮನೆಮನೆ ಪರಿಶೀಲನೆಗೆ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಬಂದಾಗ ಗುಳೆಯವರ ಮನೆಗೆ ಕೀಲಿ ಕಂಡರೆ 'ಊರಲ್ಲಿ ಇಲ್ಲ' ಎಂದು ಬರೆದುಬಿಡುವ ಭಯ ಇರುತ್ತದೆ. ನೌಕರಿಯವರ ಮನೆಯ ಕೀಲಿ ಕಂಡರೆ ಪಕ್ಕದವರು "ನಾಳೆ ನಾಡಿದ್ದು ಬರ್ತಾರ್ರೀ" ಎಂದು ಹೇಳಿ ಕಳಿಸುತ್ತಾರೆ.

ಒಂದು ವಿಚಿತ್ರವನ್ನೂ ಹೇಳಬೇಕು. ಓಣಿಯ ಒಬ್ಬ ಹುಡುಗ ದುಬೈನಲ್ಲಿದ್ದಾನೆ. 2010ರ ತಿದ್ದುಪಡಿಯ ನಂತರ ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿ ಭಾರತೀಯರು ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲೇ ಮತದಾರರಾಗಬಹುದು. ಮತ ಹಾಕಲು ಮಾತ್ರ ಇಲ್ಲಿಗೇ ಬರಬೇಕು. ಬೆಂಗಳೂರಿಗೆ ಹೋಗಿ ನೆಲೆಸಿದವನಿಗೆ ಆ ಅವಕಾಶ ಇಲ್ಲ. ಅವನಿಗೆ ಬೆಂಗಳೂರಿನಲ್ಲೇ ಓಟು ಇದೆಯಲ್ಲ, ಅದಕ್ಕೆ.

ಓಟು ಇಲ್ಲ ಎಂದ ಮಾತ್ರಕ್ಕೆ ಮಾತೂ ಇಲ್ಲ ಎಂದಲ್ಲ. ಮನೆಯ ಮುಂದೆ ಅಗೆಯುವಾಗ ಮಾಲೀಕರಿಗೆ ನೋಟಿಸ್ ಕೊಡಬೇಕು, ಅವರ ಆಕ್ಷೇಪಣೆ ಕೇಳಬೇಕು. ಅದು ಆಸ್ತಿಯ ಹಕ್ಕು. ಆದರೆ ಗಟಾರ ಬೇಕೋ ಬೇಡವೋ, ನಳದ ನೀರು ಎಷ್ಟು ಹೊತ್ತಿಗೆ ಬಿಡಬೇಕು, ಕಸದ ಗಾಡಿ ಎಲ್ಲಿ ನಿಲ್ಲಬೇಕು, ಇವು ಆಸ್ತಿಯ ಪ್ರಶ್ನೆ ಅಲ್ಲ. ದಿನಾ ಅಲ್ಲಿ ಇರುವವರ ಪ್ರಶ್ನೆ. ಸ್ವಂತ ಮನೆ ಇರಲಿ, ಬಾಡಿಗೆ ಇರಲಿ. ಈ ಎರಡನ್ನೂ ಒಂದೇ ಮಾಡಿದ್ದಕ್ಕೆ ಎರಡು ವರ್ಷ ಹೋಯಿತು ಎಂಬುದು ನನ್ನ ಅಭಿಪ್ರಾಯ.

ಇದನ್ನು ಬೇರ್ಪಡಿಸಿ ಮಾತಾಡಲು ಒಂದು ಜಾಗವೂ ಇರಲಿಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ತಂದಿತು, ಆದರೆ ಅದರಲ್ಲಿ ಅವು ಕಡ್ಡಾಯ ಆಗಿದ್ದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರಗಳಿಗೆ ಮಾತ್ರ. ಹಳ್ಳಿಗೆ ಗ್ರಾಮಸಭೆ ಇದೆ. ದೊಡ್ಡ ನಗರಕ್ಕೆ ವಾರ್ಡ್ ಸಮಿತಿ ಇದೆ. ನಡುವಿನ ಪುರಸಭೆ ಊರಿನ ಜನ ಎಲ್ಲಿ ಕೂತು ಮಾತಾಡಬೇಕು? ಮೆಂಬರ್ ಮನೆಯ ಮುಂದೆ, ಇಲ್ಲವೇ ವಾಟ್ಸಾಪಿನಲ್ಲಿ. ವಾಟ್ಸಾಪಿನಲ್ಲಿ ಬಾಡಿಗೆಯವರು ಇರಲಿಲ್ಲ ಎಂದು ಆಗಲೇ ಹೇಳಿದೆ.

ಟ್ಯಾಕ್ಸಿನ ಲೆಕ್ಕ

"ಟ್ಯಾಕ್ಸ್ ಕಟ್ಟುತ್ತೇವೆ" ಎಂಬ ಮಾತನ್ನು ಯಾರೋ ಪರೀಕ್ಷೆ ಮಾಡಿದರು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಉತ್ತರ ಬಂತು. ಕೀಲಿ ಹಾಕಿದ ಮನೆಗಳಲ್ಲಿ ಹಲವರದು ವರ್ಷಗಟ್ಟಲೆ ಬಾಕಿ. ಹೊಸದಾಗಿ ಎಬ್ಬಿಸಿದ ಮಹಡಿಗಳು ಲೆಕ್ಕಕ್ಕೇ ಬಂದಿರಲಿಲ್ಲ. ಮನೆಯಲ್ಲಿ ಇಲ್ಲದಿದ್ದರೂ ಆಸ್ತಿ ತೆರಿಗೆ ಇದ್ದೇ ಇರುತ್ತದೆ. ಸ್ವಯಂ ಘೋಷಣೆ ಪದ್ಧತಿ ಇರುವುದರಿಂದ ಅಳತೆ ಸರಿಯಾಗಿ ಬರೆಯುವ ಜವಾಬ್ದಾರಿ ಮಾಲೀಕರದ್ದೇ. ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ 2% ದಂಡ.

ಇದು ಬರೀ ಆ ಮನೆಯ ಬಾಕಿಯಾಗಿ ಉಳಿಯುವುದಿಲ್ಲ. ಸ್ಥಳೀಯ ಸಂಸ್ಥೆಗಳಿಗೆ ಅನುದಾನ ಕೊಡುವಾಗ 15ನೇ ಹಣಕಾಸು ಆಯೋಗ ಆಸ್ತಿ ತೆರಿಗೆ ವಸೂಲಿ ಸುಧಾರಿಸಬೇಕು ಎಂಬ ಷರತ್ತು ಹಾಕಿತ್ತು. ಆ ಅನುದಾನದ ದೊಡ್ಡ ಪಾಲನ್ನು ಕುಡಿಯುವ ನೀರು ಮತ್ತು ಸ್ವಚ್ಛತೆಗೆ ಮೀಸಲಿಟ್ಟಿತ್ತು. ಅಂದರೆ ಮೇಲಿನ ಮನೆ ಟ್ಯಾಕ್ಸ್ ಕಟ್ಟದಿದ್ದರೆ ಅದರ ಬಿಸಿ ಕೆಳಗಿನ ಮನೆಯ ಗಟಾರಕ್ಕೆ ತಟ್ಟಬಹುದು. ಈ ಸಂಬಂಧ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕೆಲವರು ಅದೇ ವಾರ ಬಾಕಿ ಕಟ್ಟಿದರು, ಅದನ್ನೂ ಹೇಳಬೇಕು. ಇನ್ನು ಕೆಲವರು ಕಟ್ಟಿದ್ದು ಇ-ಖಾತಾಗೋಸ್ಕರ, ಅಂದರೆ ಆಸ್ತಿಯ ಡಿಜಿಟಲ್ ದಾಖಲೆಗೋಸ್ಕರ. ಈಗ ಆಸ್ತಿ ನೋಂದಣಿಗೆ ಇ-ಖಾತಾ ಬೇಕೇ ಬೇಕು, ಅದಕ್ಕೆ ಟ್ಯಾಕ್ಸಿನ ರಸೀದಿ ಬೇಕು.

ಸೊಳ್ಳೆ ಬಂದ ಮೇಲೆ

ಜಗಳ ತಿರುಗಿದ್ದು 2024ರಲ್ಲಿ. ಆ ವರ್ಷ ರಾಜ್ಯದಲ್ಲಿ ಡೆಂಗಿ ಜಾಸ್ತಿಯಾಗಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೆ ದಂಡ ಇಟ್ಟಿತು. ನಗರ ಪ್ರದೇಶದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಆಶಾ ಕಾರ್ಯಕರ್ತೆಯರು ಲಾರ್ವಾ ನೋಡಲು ಮನೆಮನೆಗೆ ಬಂದರು. ಕೀಲಿ ಹಾಕಿದ ಮನೆಯ ಒಳಗೆ ಹೋಗುವುದು ಹೇಗೆ?

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಕೊಳಚೆಯಲ್ಲಲ್ಲ, ನಿಂತ ತಿಳಿ ನೀರಿನಲ್ಲಿ. ಮಾಳಿಗೆಯ ಮೇಲಿನ ಮುಚ್ಚಳ ಹಾರಿಹೋದ ಸಿಂಟೆಕ್ಸ್, ಹಿತ್ತಿಲಿನ ತೊಟ್ಟಿ, ಒಡೆದ ಗಡಿಗೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದೂವರೆ ವಾರ ಸಾಕು. ಅದಕ್ಕೇ ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಎನ್ನುವುದು. ವರ್ಷಕ್ಕೆ ಎರಡು ಸಲ ಬಾಗಿಲು ತೆಗೆಯುವ ಮನೆಯಲ್ಲಿ ಯಾರು ಮಾಡಬೇಕು? ಆ ಮಳೆಗಾಲ ಓಣಿಯಲ್ಲಿ ಮಕ್ಕಳಿಗೆ ಜ್ವರ ಬಂತು. ಖಾನಾವಳಿ ತಾಯಿಯ ಮಗಳನ್ನು ಕಲಬುರಗಿಗೆ ಕರೆದುಕೊಂಡು ಹೋಗಬೇಕಾಯಿತು. ಹುಡುಗಿ ಹುಷಾರಾದಳು. ಆಕೆಯ ಮನೆಯ ಪಕ್ಕದ್ದು ಕೀಲಿ ಹಾಕಿದ ಮನೆ. ಆ ಮನೆಯ ಮಾಲೀಕರು ಹೈದರಾಬಾದಿನಲ್ಲಿರುವ ನಿವೃತ್ತ ಶಿಕ್ಷಕರು. ಅವರಿಗೆ ಸುದ್ದಿ ಹೋಯಿತು. ಎರಡೇ ದಿನದಲ್ಲಿ ಅವರು ಬಸ್ಸು ಹತ್ತಿ ಬಂದರು, ಕೀಲಿ ತೆಗೆದರು, ಮಾಳಿಗೆ ಹತ್ತಿ ಟ್ಯಾಂಕ್ ಮಗುಚಿದರು. "ತಂಗಿ, ಕೀಲಿಕೈ ನಿನ್ನ ಹತ್ರಾನೇ ಇರ್ಲಿ" ಎಂದು ಆ ತಾಯಿಗೆ ಕೊಟ್ಟು ಹೋದರು.

ಆ ಒಂದು ಕೀಲಿಕೈ ಕೊಟ್ಟದ್ದು ಇಡೀ ಪ್ರಕರಣದಲ್ಲಿ ನನಗೆ ದೊಡ್ಡ ಕೆಲಸ ಎನ್ನಿಸುತ್ತದೆ. ದೂರ ಇದ್ದೂ ಓಣಿಯ ಭಾಗವಾಗಿ ಇರುವುದು ಹೀಗೆ. ಮೇಷ್ಟ್ರು ಗುಂಪಿನಲ್ಲಿ ಒಂದು ಉದ್ದನೆಯ ಸಂದೇಶ ಹಾಕಿದರು. ಎಳ್ಳಮಾಸಿಗೆ ಎಲ್ಲರೂ ಬರುತ್ತೀರಿ, ಮಾರನೇ ದಿನ ಹೋಗಬೇಡಿ, ಕೂತು ಮಾತಾಡೋಣ, ಬಾಡಿಗೆಯವರನ್ನೂ ಕರೆಯೋಣ ಎಂದು.

ಎಳ್ಳಮಾಸಿಯ ಮಾರನೇ ದಿನ

ನಮ್ಮ ಭಾಗದಲ್ಲಿ ಎಳ್ಳಮಾಸಿಗೆ ಬಾರದವರು ಕಡಿಮೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಬೆಳೆಗೆ ನೈವೇದ್ಯ ಎರಚಿ), ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ ಊಟ ಮಾಡಿ ಬಂದ ಮಾರನೇ ದಿನ ಬೆಳಿಗ್ಗೆ ಸಭೆ ಸೇರಿತು. ಕೂತದ್ದು ಒಂದು ಕಟ್ಟೆಯ ಮೇಲೆ, ಒಡೆಯಬೇಕೋ ಬೇಡವೋ ಎಂದು ಜಗಳ ನಡೆದಿದ್ದ ಕಟ್ಟೆಗಳಲ್ಲೇ ಒಂದು. ಮೆಂಬರ್ ಬಂದರು, ಜೆಇಯನ್ನೂ ಕರೆತಂದರು. ಗುಳೆ ಹೋದ ಕುಟುಂಬಗಳಲ್ಲಿ ಕೆಲವರು ಹಬ್ಬಕ್ಕೆ ಬಂದಿದ್ದರು, ಮೊದಲ ಸಲ ಅವರನ್ನು ಕೂರಿಸಿದರು.

ಮಾತು ಬಿಸಿಯಾಯಿತು. "ನೀವು ಎರಡು ದಿನ ಇರ್ತೀರಿ, ನಾವು ಮುನ್ನೂರರವತ್ತು ದಿನ ಈ ವಾಸನಿ ಕುಡೀತೀವಿ" ಎಂದು ಒಬ್ಬ ಹೆಂಗಸು ಎದ್ದು ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪುಣೆಯ ಒಬ್ಬರು, "ಕಾಕಾ ಕೂತ ಕಲ್ಲು ಅದು, ಪುಡಿ ಮಾಡಬೇಡ್ರಿ, ಅಷ್ಟೇ" ಎಂದರು. ಜೆಇ ಆಗ ಒಂದು ಒಳ್ಳೆಯ ಮಾತು ಹೇಳಿದರು. ಕಟ್ಟೆ ಪೂರ್ತಿ ಹೋಗಬೇಕಿಲ್ಲ. ಗೆರೆಯ ಹೊರಗಿನ ಭಾಗ ಮಾತ್ರ ಬಿಚ್ಚೋಣ. ಬಿಚ್ಚಿದ ಫರಸಿಯನ್ನೇ ಗಟಾರದ ಮೇಲೆ ಮುಚ್ಚಳವಾಗಿ ಹಾಸೋಣ. ಕಲ್ಲು ಓಣಿಯಲ್ಲೇ ಇರುತ್ತದೆ. ಇದನ್ನು ಎರಡು ವರ್ಷದ ಹಿಂದೆಯೇ ಹೇಳಬಹುದಿತ್ತು ಅಲ್ವಾ? ಆದರೆ ಆಗ ಹೇಳಲು ಎದುರಿಗೆ ಯಾರಿದ್ದರು, ಬರೀ ಫೋನ್ ಇತ್ತು.

ಅವತ್ತು ಒಪ್ಪಿದ್ದು ಹೀಗೆ. ಮನೆಯ ಗೋಡೆ, ಮೆಟ್ಟಿಲು, ಕಟ್ಟೆ ಮುಟ್ಟುವ ಕೆಲಸಕ್ಕೆ ಮಾಲೀಕರ ಲಿಖಿತ ಒಪ್ಪಿಗೆ, ಉತ್ತರಕ್ಕೆ 15 ದಿನದ ಗಡುವು. ನೀರು, ಕಸ, ಗಟಾರ, ಬೀದಿ ದೀಪದ ಮಾತಿಗೆ ಓಣಿಯಲ್ಲಿ ಇರುವವರದ್ದೇ ತೀರ್ಮಾನ, ಬಾಡಿಗೆಯವರೂ ಸೇರಿ. ಪ್ರತಿ ಕೀಲಿ ಹಾಕಿದ ಮನೆಯ ಒಂದು ಕೀಲಿಕೈ ಓಣಿಯಲ್ಲಿ ನಂಬಿಕೆಯವರ ಹತ್ತಿರ. ಎರಡು ಕಡೆ ಹೆಸರು ಇದ್ದವರು ಒಂದು ಕಡೆ ತೆಗೆಸುವುದು. ಗುಳೆಯವರ ಹೆಸರು ಪಟ್ಟಿಯಿಂದ ಹೋಗದಂತೆ ಬಿಎಲ್‌ಒಗೆ ಮುಂಚೆಯೇ ತಿಳಿಸುವ ಜವಾಬ್ದಾರಿ ಖಾನಾವಳಿ ತಾಯಿ ವಹಿಸಿಕೊಂಡರು. ಕಮಾನಿನ ಹಣ ಕೆಳಗಿನ ಸಣ್ಣ ಮನೆಗಳ ಮೆಟ್ಟಿಲು ಕಟ್ಟಲು ಹೋಯಿತು. ರಸ್ತೆ ಇಳಿದ ಮೇಲೆ ಆ ಮನೆಗಳಿಗೆ ಮೆಟ್ಟಿಲು ಬೇಕಾಗಿತ್ತು, ಅದು ಎಸ್ಟಿಮೇಟಿನಲ್ಲಿ ಇರಲಿಲ್ಲ.

ಬೆಂಗಳೂರಿನಲ್ಲಿದ್ದ ಇಬ್ಬರು ಕಾಗದದ ಕೆಲಸ ತೆಗೆದುಕೊಂಡರು. ಒಬ್ಬರು ಸಿವಿಲ್ ಎಂಜಿನಿಯರ್. ಕಾಂಕ್ರೀಟಿನ ದಪ್ಪ, ಗಟಾರದ ಇಳಿಜಾರು, ಅಳತೆ ಪುಸ್ತಕದ ನಕಲು, ಎಲ್ಲ ಕೇಳಿ ತರಿಸಿಕೊಂಡು ಓಣಿಯವರಿಗೆ ತಿಳಿಯುವ ಹಾಗೆ ಬರೆದು ಕಳಿಸಿದರು. ಒಂದು ಕಡೆ ಇಳಿಜಾರು ಉಲ್ಟಾ ಇತ್ತು. ಓಣಿಯವರು ಕೆಲಸ ನಿಲ್ಲಿಸಿ ಸರಿ ಮಾಡಿಸಿದರು. ಹೊರಗಿನವರ ಓದು, ಒಳಗಿನವರ ಕಾವಲು ಎರಡೂ ಸೇರಿದ್ದು ಈ ಒಂದು ಜಾಗದಲ್ಲಿ. ಇದು ಇನ್ನೂ ಎಷ್ಟೋ ಊರುಗಳಲ್ಲಿ ಆಗಬಹುದು ಎಂದು ನಾನು ನಂಬುತ್ತೇನೆ.

ಗಟಾರ ಈಗ ಬಹುಪಾಲು ಮುಗಿದಿದೆ. ಕಳೆದ ಮಳೆಗಾಲ ಕೆಳಗಿನ ಮನೆಗಳಿಗೆ ನೀರು ಹೋಗಲಿಲ್ಲ. ಉಳಿದಿರುವುದು ಪಾಲಿನ ತಂಟೆಯ ಮನೆಯ ಮುಂದಿನ ತುಂಡು. ಅಲ್ಲಿ ಒಪ್ಪಿಗೆ ಕೊಡಬೇಕಾದವರು ಯಾರು ಎಂಬುದೇ ಕೋರ್ಟಿನಲ್ಲಿದೆ. ಸದ್ಯಕ್ಕೆ ಅಲ್ಲಿ ಪೈಪ್ ಹಾಕಿ ನೀರು ದಾಟಿಸಿದ್ದಾರೆ. ಹೂಳು ತುಂಬಿದಾಗ ಯಾರು ತೆಗೆಯಬೇಕು ಎಂಬ ಹೊಸ ಮಾತು ಶುರುವಾಗಿದೆ. ಈ ಸಲ ಅದು ಬಾಡಿಗೆಯವರೂ ಇರುವ ಗುಂಪಿನಲ್ಲಿ ನಡೆಯುತ್ತಿದೆ. ಕೀಲಿಕೈ ಕೊಡದ ಮನೆಗಳು ಇನ್ನೂ ಕೆಲವು ಇವೆ, ಅವರ ಹತ್ತಿರ ಮೇಷ್ಟ್ರು ಮಾತಾಡುತ್ತಿದ್ದಾರೆ.